ಒಂದು ಸೀಟಿಗೆ ಎರಡೂವರೆ ಎಕರೆ ಕಬ್ಬು

ನಮಸ್ಕಾರ. ಇವತ್ತು ಒಂದು ಇಂಜಿನಿಯರಿಂಗ್ ಸೀಟಿನ ಲೆಕ್ಕ ಹಾಕೋಣ. ಕಾಲೇಜಿನವರು ಬ್ರೋಷರಿನಲ್ಲಿ ತೋರಿಸೋ ಲೆಕ್ಕ ಅಲ್ಲ, ನಮ್ಮ ಮಂಡ್ಯದ ಲೆಕ್ಕ. ಟನ್ನಿನಲ್ಲಿ.

2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡಿದ ಎಫ್‌ಆರ್‌ಪಿ, ಅಂದ್ರೆ ಫ್ಯಾಕ್ಟರಿಯವರು ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಟನ್ನಿಗೆ 3,550 ರೂಪಾಯಿ. ಅದೂ ಸಕ್ಕರೆ ಇಳುವರಿ ಶೇ. 10.25 ಬಂದ್ರೆ. ಶೇ. 9.5ಕ್ಕಿಂತ ಕಮ್ಮಿ ಬಂದ್ರೆ 3,290 ರೂಪಾಯಿ ಚಿಲ್ಲರೆ. ಅದರಲ್ಲಿ ಕಟಾವು, ಸಾಗಾಣಿಕೆ ಎಲ್ಲಾ ಮುರ್ಕೊಂಡು ಕೈಗೆ 2,500 ಬಂತು ಅಂತಿಟ್ಕೊಳ್ಳಿ. ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಫೀಸು. ಅಂದ್ರೆ ನೂರು ಟನ್ ಕಬ್ಬು. ಎಕರೆಗೆ 40 ಟನ್ ಅಂದ್ರೂ ಎರಡೂವರೆ ಎಕರೆಯ ಪೂರ್ತಿ ಬೆಳೆ. ಗೊಬ್ಬರ, ಬಿತ್ತನೆ, ಆಳಿನ ಕೂಲಿ ಇನ್ನೂ ಕಳೆದೇ ಇಲ್ಲ. ಹಾಸ್ಟೆಲ್ಲು, ಊಟ, ಲ್ಯಾಪ್‌ಟಾಪು ಸೇರಿಸೇ ಇಲ್ಲ. ಇಂಥವು ನಾಲ್ಕು ವರ್ಷ. ನಮ್ಮ ಜಿಲ್ಲೆಯಲ್ಲಿ ಎರಡೂವರೆ ಎಕರೆ ನೀರಾವರಿ ಇಟ್ಕೊಂಡೋನನ್ನ ಅನುಕೂಲಸ್ಥ ಅಂತಾರೆ, ನೆನಪಿರಲಿ.

ಹಾಗಾದ್ರೆ ಡಿಗ್ರಿ ಬೇಡವಾ? ಹಾಗಂತ ನಾನು ಹೇಳ್ತಿಲ್ಲ. ಡಿಗ್ರಿ ಬೇರೆ, ಸೀಟು ಬೇರೆ. ನಾವು ದುಡ್ಡು ಸುರೀತಿರೋದು ಸೀಟಿಗೆ.

ಮಂಡ್ಯದ ಪಿಇಎಸ್ ಕಾಲೇಜು ಶುರುವಾಗಿದ್ದು 1962ರಲ್ಲಿ. ಕೆ.ವಿ. ಶಂಕರಗೌಡರು ಅದನ್ನ ಕಟ್ಟಿದ್ದು ಈ ಜಿಲ್ಲೆ ಮಕ್ಕಳು ಇಂಜಿನಿಯರಿಂಗ್ ಓದೋಕೆ ದೂರದೂರಿಗೆ ಹೋಗೋದು ತಪ್ಪಲಿ ಅಂತ. ಮೈಸೂರಿನ ಎನ್‌ಐಇ 1946ರದ್ದು, ಎಸ್‌ಜೆಸಿಇ 1963ರದ್ದು. ಇಂಥ ಹಳೇ ಕಾಲೇಜುಗಳಲ್ಲಿ ಇವತ್ತಿಗೂ ಅನುದಾನಿತ, ಅಂದ್ರೆ ಸರ್ಕಾರದ ದುಡ್ಡಿನ ನೆರವಿರೋ ಕೋರ್ಸುಗಳಿವೆ. ಸಿಇಟಿಯಲ್ಲಿ ಒಳ್ಳೆ ರ‍್ಯಾಂಕ್ ತಗೊಂಡು ಆ ಸೀಟು ಹಿಡಿದ್ರೆ ಹೆಚ್ಚುಕಮ್ಮಿ ಐವತ್ತು ಸಾವಿರದೊಳಗೆ ಒಂದು ವರ್ಷ ಮುಗಿಯುತ್ತೆ. ಅನುದಾನ ಇಲ್ಲದ ಕೋರ್ಸಿಗೆ ಸಿಇಟಿ ನಡೆಸೋ ಕೆಇಎ ಮೂಲಕ ಹೋದ್ರೆ ಲಕ್ಷದ ಆಸುಪಾಸು. ಖಾಸಗಿ ಕಾಲೇಜುಗಳದ್ದೇ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಅಂದ್ರೆ ಅದರ ಎರಡರಷ್ಟು. ಮ್ಯಾನೇಜ್‌ಮೆಂಟ್ ಕೋಟಾ ಅಂದ್ರೆ ಅವರು ಬಾಯಲ್ಲಿ ಹೇಳಿದ್ದೇ ರೇಟು, ಮೇಲೆ ರಸೀದಿ ಇಲ್ಲದ ದುಡ್ಡು ಬೇರೆ. ಎಲ್ಲರಿಗೂ ಅದೇ ಮೇಷ್ಟ್ರು, ಅದೇ ಲ್ಯಾಬು, ಅದೇ ಪ್ರಶ್ನೆಪತ್ರಿಕೆ. ಕೊನೆಗೆ ಸಿಗೋ ಮಾರ್ಕ್ಸ್ ಕಾರ್ಡಲ್ಲಿ ಯಾವ ಕೋಟಾ ಅಂತ ಎಲ್ಲೂ ಬರೆದಿರಲ್ಲ.

ಇದು ಗೊತ್ತಿದ್ದೂ ಜನ ಯಾಕೆ ಕಟ್ತಾರೆ? ದಡ್ಡರಾ? ಖಂಡಿತ ಅಲ್ಲ. ಕಬ್ಬಿನ ತೂಕದಲ್ಲಿ ಹತ್ತು ಕೆಜಿ ಏರುಪೇರಾದ್ರೆ ಫ್ಯಾಕ್ಟರಿ ಗೇಟಲ್ಲಿ ಜಗಳಕ್ಕೆ ನಿಲ್ಲೋ ಜನ ನಾವು. ಆದರೆ ಕಾಲೇಜಿನ ಆಫೀಸ್ ರೂಮಲ್ಲಿ ಮಾತ್ರ ಚೌಕಾಶಿ ಮಾಡಲ್ಲ. ಯಾಕಂದ್ರೆ ಅಲ್ಲಿ ನಾವು ಕೊಳ್ಳೋಕೆ ಹೋಗಿರೋದು ವಿದ್ಯೆ ಅಷ್ಟೇ ಅಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಮದುವೆಯಾಗದ ಗಂಡುಮಕ್ಕಳು ಪಾದಯಾತ್ರೆ ಹೊರಟ್ರಲ್ಲ, ಬ್ರಹ್ಮಚಾರಿಗಳ ಪಾದಯಾತ್ರೆ ಅಂತ. ಊರೆಲ್ಲಾ ನಕ್ಕಿತು, ಟಿವಿಯವರು ತಮಾಷೆ ಮಾಡಿದ್ರು. ನನಗೆ ನಗು ಬರಲಿಲ್ಲ. ವ್ಯವಸಾಯ ಮಾಡೋ ಹುಡುಗನಿಗೆ ಹೆಣ್ಣು ಕೊಡಲ್ಲ ಅನ್ನೋ ಸತ್ಯವನ್ನ ಅವರು ಮೆರವಣಿಗೆ ಮಾಡಿ ತೋರಿಸಿದ್ರು. ಅದನ್ನ ನೋಡಿದ ಅಪ್ಪ ಏನು ಮಾಡ್ತಾನೆ? "ಆಗೋಗ್ಲಿ ಬುಡು, ಅರ್ಧ ಎಕರೆ ಹೋದ್ರೂ ಹೋಗ್ಲಿ, ಮಗ ಇಂಜಿನಿಯರ್ ಓದ್ತಾವ್ನೆ ಅನ್ನಿಸ್ಕೊಳ್ಳಾವ" ಅಂತಾನೆ. ಮಗನನ್ನ ಗದ್ದೆಯಿಂದ ಹೊರಗೆ ಕಳಿಸೋಕೆ ಕಟ್ಟೋ ಸುಂಕ ಇದು. ಬೆಳೆ ಬೆಲೆ ಎಲ್ಲಿವರೆಗೆ ಹೀಗೆ ಇರುತ್ತೋ ಅಲ್ಲಿವರೆಗೆ ಕಾಲೇಜಿನವರು ಫೀಸು ಏರಿಸ್ತಾನೇ ಇರಬಹುದು, ಗಿರಾಕಿ ತಪ್ಪಲ್ಲ.

ಸರಿ, ಸುಂಕ ಕಟ್ಟಿ ಆಯ್ತು. ಆಚೆ ದಡದಲ್ಲಿ ಏನಿದೆ ನೋಡೋಣ. ಹತ್ತು ಲಕ್ಷ ಫೀಸಲ್ಲಿ ಏಳೂವರೆ ಲಕ್ಷ ಬ್ಯಾಂಕ್ ಸಾಲ. ಅಲ್ಲಿವರೆಗೆ ಆಸ್ತಿ ಅಡಮಾನ ಕೇಳಲ್ಲ, ಹಾಗಾಗಿ ಬಹಳ ಜನ ಅಲ್ಲೇ ನಿಲ್ತಾರೆ. ಮಿಕ್ಕಿದ್ದಕ್ಕೆ ಅಮ್ಮನ ಒಡವೆ. ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಅಂತ ಖುಷಿಯಾಗಿರ್ತೀವಿ, ಆದರೆ ಬಡ್ಡಿ ನಿದ್ದೆ ಮಾಡಲ್ಲ. ಶೇ. 10ರ ಬಡ್ಡಿ ಅಂದ್ರೆ ಕಂತು ಶುರುವಾಗೋ ಹೊತ್ತಿಗೆ ಸಾಲ ಹತ್ತು ಲಕ್ಷ ಮುಟ್ಟಿರುತ್ತೆ. ಹತ್ತು ವರ್ಷಕ್ಕೆ ಹಂಚಿದ್ರೆ ತಿಂಗಳಿಗೆ 13,000 ದಾಟುತ್ತೆ. ಮನೆ ಆದಾಯ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗೆ ಇದ್ರೆ ಕೇಂದ್ರದ ಬಡ್ಡಿ ಸಬ್ಸಿಡಿ ಇದೆ, ಷರತ್ತುಗಳೂ ಇವೆ. ಸಾಲ ತಗೊಳ್ಳೋ ಮುಂಚೆ ಬ್ಯಾಂಕಲ್ಲಿ ಕೂತು ಕೇಳಿ, ಆಮೇಲೆ ಅಲ್ಲ.

ಸಂಬಳ? ಐಟಿ ಕಂಪನಿಗೆ ಹೊಸದಾಗಿ ಸೇರೋರಿಗೆ ಮೂರೂವರೆ ಲಕ್ಷದ ಪ್ಯಾಕೇಜು ಅನ್ನೋ ಮಾತು ನಾವು ಹತ್ತು ವರ್ಷಕ್ಕೂ ಮುಂಚಿಂದ ಕೇಳ್ತಾನೇ ಇದೀವಿ. ಫೀಸು ಏರಿತು, ಬಸ್ ಚಾರ್ಜು ಏರಿತು, ಬೆಂಗಳೂರಿನ ಪಿಜಿ ಬಾಡಿಗೆ ಏರಿತು, ಈ ಸಂಖ್ಯೆ ಮಾತ್ರ ಕೂತಲ್ಲೇ ಕೂತಿದೆ. ಕೈಗೆ 25,000 ಬಂದ್ರೆ ಅರ್ಧ ಕಂತಿಗೆ ಹೋಯ್ತು. ಆ ಕೆಲಸವಾದ್ರೂ ಗಟ್ಟಿಯಾ? 2025ರ ಫೆಬ್ರವರಿಯಲ್ಲಿ ನಮ್ಮ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಿಂದ 300ಕ್ಕೂ ಹೆಚ್ಚು ಟ್ರೈನಿಗಳನ್ನ ಮನೆಗೆ ಕಳಿಸಿದ್ರು. ಒಳಗಿನ ಪರೀಕ್ಷೆಯಲ್ಲಿ ಮೂರು ಅವಕಾಶ ಕೊಟ್ಟರೂ ಪಾಸಾಗಲಿಲ್ಲ ಅಂತ ಕಂಪನಿ ಹೇಳ್ತು. ಅವರಲ್ಲಿ ಆಫರ್ ಲೆಟರ್ ಹಿಡ್ಕೊಂಡು ಎರಡು ವರ್ಷಕ್ಕೂ ಮೇಲೆ ಕಾದು ಸೇರಿದೋರಿದ್ರು. ಕಂಪನಿ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಾನು ಕೇಳೋದು, ನಾಲ್ಕು ವರ್ಷ ಓದಿಸಿ ಪಾಸ್ ಮಾಡಿದ ಕಾಲೇಜುಗಳಿಗೆ ಒಂದು ಮಾತಾದ್ರೂ ಯಾರಾದ್ರೂ ಕೇಳಿದ್ರಾ?

ಇನ್ನು ಕೆಲವರು ಹೇಳ್ತಾರೆ, ಡಿಗ್ರಿ ವೇಸ್ಟು, ಕೈಕೆಲಸ ಕಲೀರಿ ಅಂತ. ಹೇಳೋರ ಮಕ್ಕಳು ಎಲ್ಲಿ ಓದ್ತಿದಾರೆ ಅಂತ ಒಮ್ಮೆ ವಿಚಾರಿಸಿ. ಆದರೂ ಮಾತಲ್ಲಿ ಹುರುಳಿದೆ. ಎಸ್ಸೆಸ್ಸೆಲ್ಸಿ ಆದಮೇಲೆ ಸರ್ಕಾರಿ ಪಾಲಿಟೆಕ್ನಿಕ್ಕಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಮೈಸೂರಿನ ಜಿಟಿಟಿಸಿ ಅನ್ನೋ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ (ಕಾರ್ಖಾನೆ ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ಇದೆ, ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲೇ ತರಬೇತಿ. ನಮ್ಮ ಊರುಗಳಲ್ಲಿ ಇದನ್ನ "ಮಾರ್ಕ್ಸ್ ಬರದೋರು ಹೋಗೋ ಜಾಗ" ಅಂತ ನೋಡ್ತಾರೆ. ಹೆಣ್ಣು ಕೇಳೋಕೆ ಹೋದಾಗ ಬಿಇ ಅಂದ ಹಾಗೆ ಗತ್ತಾಗಿ ಹೇಳೋಕಾಗಲ್ಲ ನೋಡಿ.

ನಿಜವಾಗಿ ಕೊಟ್ಟ ದುಡ್ಡಿಗೆ ಮೋಸ ಇಲ್ಲದ ಡಿಗ್ರಿ ನಮ್ಮ ಕಣ್ಣೆದುರೇ ಇದೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೇ ನಮ್ಮವರು ಇಲ್ಲೇ ಓದಲಿ ಅಂತ. ಮಹಾರಾಜ, ಯುವರಾಜ, ಮಹಾರಾಣಿ ಕಾಲೇಜುಗಳಲ್ಲಿ ಇವತ್ತಿಗೂ ಖಾಸಗಿ ಕಾಲೇಜಿನ ಫೀಸಿನ ಒಂದು ಚೂರಿಗೆ ಬಿಎ, ಬಿಎಸ್ಸಿ ಮುಗಿಸಬಹುದು. ಕೆ.ಆರ್. ಪೇಟೆ ಕಡೆಯ ಹುಡುಗಿ ಶಕ್ತಿ ಯೋಜನೆ ಬಸ್ಸಲ್ಲಿ ಮೈಸೂರಿಗೆ ಓದೋಕೆ ಬಂದ್ಲು ಅನ್ನಿ. ಅವಳಿಗೆ ಆ ಡಿಗ್ರಿ ಅಂದ್ರೆ ಮೂರು ವರ್ಷ ಮದುವೆ ಮುಂದಕ್ಕೆ ಹೋಯ್ತು, ಬಿಎಡ್ ಮಾಡಬಹುದು, ಕೆಎಎಸ್ ಬರೀಬಹುದು, ಪಿಡಿಒ ಪರೀಕ್ಷೆಗೆ ಕೂರಬಹುದು. ಇದರ ಬೆಲೆಯನ್ನ ಸಂಬಳದಲ್ಲಿ ಅಳೆಯೋಕಾಗಲ್ಲ. ಡಿಗ್ರಿ ಬೇಡ ಅನ್ನೋರ ಜೊತೆ ನಾನು ಜಗಳ ಆಡೋದು ಇವಳ ಪರವಾಗಿ.

ಆದರೆ ಅಲ್ಲೇನಾಗ್ತಿದೆ? 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಒಂದು ಭಾಗ ಕುಸಿದು ಬಿತ್ತು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳು ನಡೀತಿರೋದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಮೇಲೆ. ವರ್ಷಗಟ್ಟಲೆ ಪಾಠ ಮಾಡಿದೋರು ಇನ್ನೂ ಅತಿಥಿಗಳು! ನಾಲ್ಕು ವರ್ಷದ ಪದವಿ ಅಂತ 2021ರಲ್ಲಿ ತಂದ್ರು, 2024ರಲ್ಲಿ ಮತ್ತೆ ಮೂರು ವರ್ಷ ಅಂದ್ರು, ನಡುವೆ ಸಿಕ್ಕಿಕೊಂಡ ಬ್ಯಾಚುಗಳ ಪಾಡು ಆ ಮಕ್ಕಳಿಗೇ ಗೊತ್ತು. ಪಾಸಾಗಿ ಆರು ತಿಂಗಳಾದ್ರೂ ಕೆಲಸ ಸಿಗದೇ ಇದ್ರೆ ಯುವನಿಧಿ, ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದ್ರೆ ಎರಡು ವರ್ಷ. ಕೊಡಬೇಡಿ ಅಂತ ಅಲ್ಲ, ಕೊಡಿ. ಅದರ ಜೊತೆಗೆ ಖಾಲಿ ಇರೋ ಮೇಷ್ಟ್ರ ಹುದ್ದೆಗಳನ್ನೂ ತುಂಬಿ. ಸರ್ಕಾರಿ ಕಾಲೇಜು ಸೊರಗಿದಷ್ಟೂ ಎರಡೂವರೆ ಲಕ್ಷದ ಕಾಲೇಜಿನ ಬಾಗಿಲಲ್ಲಿ ಕ್ಯೂ ಬೆಳೆಯುತ್ತೆ.

ಈಗ ಅಡ್ಮಿಷನ್ ಸಮಯದಲ್ಲಿ ಇದನ್ನ ನೋಡ್ತಿರೋ ಅಪ್ಪ ಅಮ್ಮಂದಿರಿಗೆ. ಸಿಇಟಿಯಲ್ಲಿ ಕಮ್ಮಿ ಫೀಸಿನ ಸೀಟು ಸಿಕ್ಕಿದ್ರೆ, ಬ್ರಾಂಚು ಕಂಪ್ಯೂಟರ್ ಸೈನ್ಸ್ ಅಲ್ಲದಿದ್ರೂ, ಕಣ್ಮುಚ್ಚಿ ತಗೊಳ್ಳಿ. ಸಿಗಲಿಲ್ಲ ಅಂದ್ರೆ ಬಿಎಸ್ಸಿಯೋ ಡಿಪ್ಲೊಮಾನೋ ನೋಡಿ, ಜಮೀನು ಮುಟ್ಟಬೇಡಿ. ಅಷ್ಟಾದ್ರೂ ಮ್ಯಾನೇಜ್‌ಮೆಂಟ್ ಸೀಟೇ ಬೇಕು ಅಂತ ಹೋದ್ರೆ, ಆಫೀಸಲ್ಲಿ ಅವರು ತೋರಿಸೋ ನಲವತ್ತು ಲಕ್ಷದ ಪ್ಯಾಕೇಜಿನ ಹುಡುಗನ ಫೋಟೋ ನೋಡ್ಬೇಡಿ. ಹೋದ ವರ್ಷ ಈ ಬ್ರಾಂಚಲ್ಲಿ ಎಷ್ಟು ಜನ ಸೇರಿದ್ರು, ಎಷ್ಟು ಜನ ಬ್ಯಾಕ್ ಇಲ್ಲದೆ ಪಾಸಾದ್ರು, ಕ್ಲಾಸಿನ ನಡುಮಟ್ಟದ ಹುಡುಗನಿಗೆ ಎಷ್ಟು ಸಂಬಳ ಸಿಕ್ತು, ಈ ಮೂರನ್ನ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ. ಕೊಡಲಿಲ್ಲ ಅಂದ್ರೆ ಅಡ್ವಾನ್ಸ್ ಕಟ್ಟದೆ ಎದ್ದು ಬನ್ನಿ.