ಚೀಲ ಹೊರದ ಸಿಸ್ಟರ್‌ಗೆ ಟೊಂಕ ನೋವು ಯಾಕೆ?

ಕೊಪ್ಪಳದ ಒಬ್ಬ ಸಿಸ್ಟರ್, ಅಂದರೆ ಆಸ್ಪತ್ರೆಯ ನರ್ಸ್, ವಾಯ್ಸ್ ಮೆಸೇಜ್ ಕಳಿಸಿದ್ದರು. “ಅಣ್ಣಾ, ನಾನೇನ್ ಗಂಗಾವತಿ ಮಿಲ್ಲಿನ್ಯಾಗ ಚೀಲ ಹೊರತೀನೇನು? ಆದ್ರೂ ಡ್ಯೂಟಿ ಮುಗಿಯೂದ್ರಾಗ ಟೊಂಕ ಹಿಡಕೊಂಡಿರತೈತಿ, ಯಾಕ?”

ಸುಮ್ನೆ ಇರಲಾಗಲಿಲ್ಲ. ಗಂಗಾವತಿಗೇ ಹೋಗಿ ಒಂದು ಮಿಲ್ಲಿನ ಮುಂದೆ ಅರ್ಧ ದಿನ ನಿಂತೆ.

(ದೃಶ್ಯ: ಲಾರಿ, ಭತ್ತದ ಚೀಲಗಳು)

ಚೀಲ ಒಂದಕ್ಕೆ 75 ಕೆ.ಜಿ. ಇಬ್ಬರು ಎತ್ತಿ ಕೊಡುತ್ತಾರೆ, ಹಮಾಲಿ ಅಣ್ಣ ಸ್ವಲ್ಪ ಬಾಗಿ ಬೆನ್ನು ಕೊಡುತ್ತಾನೆ, ಚೀಲ ಬೆನ್ನಿಗೆ ಅಂಟಿಕೊಂಡು ಕೂರುತ್ತದೆ. ಅವರಿಗೆ ನೋವೇ ಇಲ್ಲ ಅಂತಲ್ಲ, ಮಂಡಿ, ಕುತ್ತಿಗೆ, ಟೊಂಕ ಎಲ್ಲ ಸವೆಯುತ್ತದೆ. ಆದರೆ ಭಾರ ಮೈಗೆ ಹತ್ತಿರ ಇದೆ. ನನ್ನ ಕಣ್ಣು ಬಿದ್ದಿದ್ದು ಅಲ್ಲೇ.

ಟೊಂಕದಲ್ಲಿ ಐದು ಮೂಳೆ, ನಡುವೆ ಮೆತ್ತೆಯಂಥ ಡಿಸ್ಕು, ಹಿಂದೆ ಸ್ನಾಯು. ಶಾಲೆಯಲ್ಲಿ ಓದಿದ್ದೀರಿ, ಮುಂದೆ ಹೋಗೋಣ.

(ದೃಶ್ಯ: ನಮ್ಮ ಹಿತ್ತಲು, ತುಂಬಿದ ಕೊಡ)

15 ಲೀಟರ್ ಕೊಡವನ್ನು ನಮ್ಮವ್ವ ಟೊಂಕದ ಮೇಲೆ ಇಟ್ಟುಕೊಂಡು, ಪಕ್ಕದ ಮನೆಯವರ ಜೊತೆ ಮಾತಾಡುತ್ತಾ ಓಣಿ ದಾಟುತ್ತಾರೆ. ಅದೇ ಕೊಡವನ್ನು ನಾನು ಎರಡೂ ಕೈ ಮುಂದೆ ಚಾಚಿ ಹಿಡಿದೆ. ನಾಲ್ಕನೇ ಹೆಜ್ಜೆಗೆ ಲುಂಗಿ ಒದ್ದೆ. ನಗಬೇಡಿ, ಲೆಕ್ಕ ಕೇಳಿ. ಹಾರೆಯಿಂದ ಬಂಡೆ ಎಬ್ಬಿಸುವಾಗ ಉದ್ದದ ತುದಿ ನಮ್ಮ ಕೈಯಲ್ಲಿರುತ್ತದೆ, ಅದಕ್ಕೇ ಬಂಡೆ ಏಳುತ್ತದೆ. ಇಲ್ಲಿ ಉಲ್ಟಾ. ಕೊಡ ಡಿಸ್ಕಿನಿಂದ 50 ಸೆಂ.ಮೀ. ಮುಂದಿದೆ, ಅದನ್ನು ತಡೆಯುವ ಸ್ನಾಯು ಡಿಸ್ಕಿನ ಹಿಂದೆ ಬರೀ 5 ಸೆಂ.ಮೀ. ದೂರದಲ್ಲಿ. ಹತ್ತು ಪಟ್ಟು! 15 ಕೆ.ಜಿ. ಕೊಡಕ್ಕೆ ಸ್ನಾಯು ಸುಮಾರು 150 ಕೆ.ಜಿ. ಜಗ್ಗಬೇಕು, ಆ ಜಗ್ಗಾಟವೆಲ್ಲ ಡಿಸ್ಕಿನ ಮೇಲೆ. ಎರಡು ಭತ್ತದ ಚೀಲ ಆಯಿತು ನೋಡಿ. ಬಾಗಿದರೆ ನಮ್ಮ ಮೈಭಾರವೂ ಸೇರುತ್ತದೆ.

ಈಗ ವಾರ್ಡ್. ಮಂಚ ಗಿಡ್ಡ, ರೋಗಿ ಕೆಳಕ್ಕೆ ಜಾರಿದ್ದಾರೆ. ಸಿಸ್ಟರ್ ಬಾಗಿ, ಕೈ ಚಾಚಿ, ಮೇಲಕ್ಕೆ ಎಳೆಯಬೇಕು. ಚೀಲ ಸುಮ್ಮನಿರುತ್ತದೆ, ರೋಗಿ ಭಯಪಟ್ಟು ಕುತ್ತಿಗೆಗೇ ಜೋತು ಬೀಳುತ್ತಾರೆ! ಕೆಲಸದ ಜಾಗದ ಸುರಕ್ಷತೆ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯಾಶ್ (NIOSH) ಅನ್ನೋ ಸರ್ಕಾರಿ ಸಂಸ್ಥೆಯ ಥಾಮಸ್ ವಾಟರ್ಸ್ 2007ರಲ್ಲಿ ಲೆಕ್ಕ ಹಾಕಿ, ರೋಗಿಯನ್ನು ಎತ್ತುವಾಗ ಒಬ್ಬರ ಪಾಲಿಗೆ 35 ಪೌಂಡ್, ಅಂದರೆ ಸುಮಾರು 16 ಕೆ.ಜಿ. ಮೀರಬಾರದು ಅಂದರು. 60 ಕೆ.ಜಿ. ಮನುಷ್ಯನ ಒಂದು ಕಾಲೇ ಸುಮಾರು 10 ಕೆ.ಜಿ. ಇನ್ನು ನಮ್ಮಲ್ಲಿ ರಾತ್ರಿ ಪಾಳಿಗೆ ಜೊತೆಗೊಬ್ಬರು ಸಿಕ್ಕರೆ ಅದೇ ಪುಣ್ಯ.

‘ಮಂಡಿ ಬಗ್ಗಿಸಿ ಎತ್ತಿ’ ಅನ್ನೋ ಪೋಸ್ಟರ್ ಗೋಡೆ ಮೇಲೆ ಇದ್ದೇ ಇರುತ್ತದೆ. ಅದರಲ್ಲಿ ಎತ್ತುತ್ತಿರುವುದು ರಟ್ಟಿನ ಡಬ್ಬ. ಪೋಸ್ಟರ್ ಬರೆದವರು ಒಂದು ರಾತ್ರಿ ವಾರ್ಡಿನಲ್ಲಿ ಕಳೆಯಲಿ ಅಂತ ನನ್ನ ಆಸೆ.

ಟೈಮ್ ಆಯಿತು, ಉಳಿದದ್ದು ಬೇಗ ಬೇಗ. ಮಂಚ ಏರಿಸಲು ಬಂದರೆ ನಿಮ್ಮ ಟೊಂಕದ ಮಟ್ಟಕ್ಕೆ ಏರಿಸಿ. ರೋಗಿಯ ಕೆಳಗೆ ಮಡಚಿದ ಬೆಡ್‌ಶೀಟ್ ಹಾಕಿ, ಇಬ್ಬರು ಸೇರಿ ಜಾರಿಸಿ, ಎತ್ತಬೇಡಿ. ಬೆಲ್ಟ್ ಕಟ್ಟಿಕೊಂಡರೆ ನೋವು ಬರುವುದಿಲ್ಲ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ನೋವು ಬಂತು ಅಂತ ವಾರಗಟ್ಟಲೆ ಮಲಗಬೇಡಿ, ಆದಷ್ಟು ಓಡಾಡುತ್ತಿರಿ. ಆದರೆ ಕಾಲಲ್ಲಿ ಶಕ್ತಿ ಹೋಗುತ್ತಿದ್ದರೆ, ತೊಡೆ ಸಂದಿ ಮರಗಟ್ಟಿದ್ದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲು ಆಗದಿದ್ದರೆ ಈ ವಿಡಿಯೋ ಇಲ್ಲಿಗೇ ಬಿಟ್ಟು ಈಗಲೇ ಡಾಕ್ಟರ್ ಹತ್ತಿರ ಹೋಗಿ.