ಕರುಳು ಜಾಗ ಬಿಟ್ಟು ಬಂದಾಗ

(ಕೋಲಾರದಲ್ಲಿ ಮಾರುಕಟ್ಟೆಯ ಹಮಾಲಿಗಳು ಮತ್ತು ಅವರ ಮನೆಯವರಿಗಾಗಿ ಒಬ್ಬ ಸರ್ಜನ್ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಟೊಮ್ಯಾಟೊ ಬಾಕ್ಸ್ ಹೊತ್ತು ದಣಿದಿದ್ದರೂ ಬಂದು ಕೂತಿದ್ದೀರಿ, ಸಂತೋಷ. ಹೊಟ್ಟೆಯ ಗೋಡೆ ಸಡಿಲವಿದ್ದ ಕಡೆ ಕರುಳೋ ಕೊಬ್ಬೋ ಜಾಗ ಬಿಟ್ಟು ಹೊರಗೆ ತಳ್ಳಿಕೊಂಡು ಬರುವುದೇ ಹರ್ನಿಯಾ. ಇದು ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿಟ್ಟುಕೊಳ್ಳುವ ಕಾಯಿಲೆ. ಅದಕ್ಕೇ ಇವತ್ತು ಬಿಚ್ಚಿ ಮಾತಾಡೋಣ.

ಇಲ್ಲಿ ಕೂತಿರುವ ಪ್ರತಿಯೊಬ್ಬರ ಕರುಳೂ ಒಂದು ಕಾಲದಲ್ಲಿ ಹೊಟ್ಟೆಯಿಂದ ಆಚೆ ಇತ್ತು ಅಂದರೆ ನಂಬುತ್ತೀರಾ? ತಾಯಿಯ ಗರ್ಭದಲ್ಲಿ 6ನೇ ವಾರದ ಹೊತ್ತಿಗೆ ಕರುಳು ಭರಭರನೆ ಬೆಳೆಯುತ್ತದೆ. ಭ್ರೂಣದ ಪುಟ್ಟ ಹೊಟ್ಟೆಯಲ್ಲಿ ಜಾಗ ಸಾಲುವುದಿಲ್ಲ. ಹಾಗಾಗಿ ಹೊಕ್ಕುಳಬಳ್ಳಿಯೊಳಕ್ಕೆ ನುಗ್ಗಿ ಅಲ್ಲೇ ಬೆಳೆಯುತ್ತದೆ. 10ನೇ ವಾರದ ಹೊತ್ತಿಗೆ ವಾಪಸ್ ಬರುತ್ತದೆ. ಈ ಹೋಗಿ ಬರುವುದರಲ್ಲಿ ಒಟ್ಟು 270 ಡಿಗ್ರಿ, ಅಂದರೆ ಮುಕ್ಕಾಲು ಸುತ್ತು ತಿರುಗುತ್ತದೆ. ಆ ಸುತ್ತು ತಪ್ಪಿದರೆ ಅಪೆಂಡಿಕ್ಸ್, ಅಂದರೆ ದೊಡ್ಡ ಕರುಳಿನ ಆರಂಭದಲ್ಲಿ ಬಾಲದ ಹಾಗಿರುವ ಸಣ್ಣ ಭಾಗ, ಬಲಗಡೆ ಇರುವ ಬದಲು ಎಡಗಡೆಯೋ, ಲಿವರ್ ಕೆಳಗೋ ಉಳಿದುಬಿಡಬಹುದು.

ಗಂಡುಮಕ್ಕಳಲ್ಲಿ ಇನ್ನೊಂದು ಪ್ರಯಾಣವೂ ಇದೆ. ಬೀಜಗಳು ಮೊದಲು ಹುಟ್ಟುವುದು ಹೊಟ್ಟೆಯ ಹಿಂಭಾಗದಲ್ಲಿ, ಕಿಡ್ನಿಯ ಹತ್ತಿರ. ಅಲ್ಲಿಂದ ತೊಡೆಸಂದಿನ ಮೂಲಕ ಕೆಳಗಿಳಿಯುತ್ತವೆ. ಇಳಿದ ದಾರಿ ಆಮೇಲೆ ಮುಚ್ಚಿಕೊಳ್ಳಬೇಕು. ಕೆಲವರಲ್ಲಿ ಪೂರ್ತಿ ಮುಚ್ಚುವುದಿಲ್ಲ. ಮೂಟೆ ತುಂಬಿ ಬಿಗಿಯಾದಾಗ ಹೊಲಿಗೆ ಸಡಿಲ ಇದ್ದ ಕಡೆಯೇ ಬಿಚ್ಚಿಕೊಳ್ಳುತ್ತದೆ, ಅಲ್ವಾ? ಇದೂ ಹಾಗೇ. ಹಾಗಾಗಿ ಭಾರ ಎತ್ತಿದ್ದೊಂದೇ ಕಾರಣ ಅಂತ ಹೇಳಲಾಗದು. ಬೀಡಿ ಸೇದಿ ಬಂದ ಹಳೇ ಕೆಮ್ಮು, ಮಲಬದ್ಧತೆ, ಮುಕ್ಕಿ ಮುಕ್ಕಿ ಮೂತ್ರ ಮಾಡುವುದು, ಇವೂ ಒಳಗಿನಿಂದ ಒತ್ತುತ್ತಲೇ ಇರುತ್ತವೆ. ನಾವು ಪರೀಕ್ಷೆ ಮಾಡುವಾಗ ನಿಲ್ಲಿಸಿ, ತೊಡೆಸಂದಿನ ಮೇಲೆ ಬೆರಳಿಟ್ಟು "ಕೆಮ್ಮಿ" ಅನ್ನುತ್ತೇವೆ. ಹರ್ನಿಯಾ ಇದ್ದರೆ ಕೆಮ್ಮಿದ ಕ್ಷಣಕ್ಕೇ ಬೆರಳಿಗೆ ಒಳಗಿನಿಂದ ತಟ್ಟುತ್ತದೆ.

ಹರ್ನಿಯಾದ ಗಂಟು ಒಂದು ಚೀಲದ ಹಾಗೆ. ಅದರೊಳಗೆ ಸಾಮಾನ್ಯವಾಗಿ ಇರುವುದು ಸಣ್ಣ ಕರುಳು ಅಥವಾ ಹೊಟ್ಟೆಯ ಕೊಬ್ಬಿನ ಪದರ. ಆದರೆ ಮೂತ್ರಕೋಶ ಜಾರಿ ಬಂದದ್ದುಂಟು, ಹೆಣ್ಣುಮಗುವಿನಲ್ಲಿ ಅಂಡಾಶಯ ಬಂದದ್ದುಂಟು. 1735ರಲ್ಲಿ ಲಂಡನ್ನಿನಲ್ಲಿ ಕ್ಲಾಡಿಯಸ್ ಅಮಿಯಾಂಡ್ ಎಂಬ ಸರ್ಜನ್ 11 ವರ್ಷದ ಹುಡುಗನ ಹರ್ನಿಯಾ ತೆರೆದು ನೋಡಿದರು. ಒಳಗಿದ್ದದ್ದು ಅಪೆಂಡಿಕ್ಸ್! ಹುಡುಗ ಯಾವಾಗಲೋ ನುಂಗಿದ್ದ ಗುಂಡುಪಿನ್ನು ಅದನ್ನು ತೂತು ಮಾಡಿತ್ತು. ಅರಿವಳಿಕೆಯೇ ಇಲ್ಲದ ಕಾಲ ಅದು. ಆದರೂ ಹುಡುಗ ಬದುಕಿದ. ಅಪೆಂಡಿಕ್ಸ್ ತೆಗೆದು ರೋಗಿ ಉಳಿದ, ದಾಖಲಾದ ಮೊದಲ ಆಪರೇಷನ್ ಇದೇ. ಇಂಥ ಹರ್ನಿಯಾಗೆ ಇವತ್ತಿಗೂ ಅವರದೇ ಹೆಸರು.

ಹೆಂಗಸರಿಗೆ ಹರ್ನಿಯಾ ಬರಲ್ಲ ಅನ್ನುವುದು ಸುಳ್ಳು. ತೊಡೆಯ ಮೇಲ್ಭಾಗದಲ್ಲಿ ರಕ್ತನಾಳದ ಪಕ್ಕ ಬರುವ ಹರ್ನಿಯಾ ಅವರಲ್ಲೇ ಜಾಸ್ತಿ. ಅಲ್ಲಿ ಬಾಯಿ ಕಿರಿದು, ಕರುಳು ಬೇಗ ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನೊಂದು, ಸೊರಗಿದ ಅಜ್ಜಿಯರಲ್ಲಿ ಸೊಂಟದ ಮೂಳೆಯ ರಂಧ್ರದೊಳಗೆ ಕರುಳು ನುಸುಳುವುದು. ಹೊರಗೆ ಗಂಟು ಕಾಣುವುದೇ ಅಪರೂಪ. ತೊಡೆಯ ಒಳಭಾಗದಲ್ಲಿ ನೋವು, ಜೊತೆಗೆ ವಾಂತಿ. ಮನೆಯವರು ಮಂಡಿನೋವು, ಗ್ಯಾಸ್ ಅಂದುಕೊಂಡು ಸುಮ್ನೆ ಇದ್ದುಬಿಡುತ್ತಾರೆ. ನನಗೆ ತುಂಬ ಸಂಕಟವಾಗುವುದು ಇಲ್ಲೇ.

ಹರ್ನಿಯಾ ದೇಹದ ಒಳಗೇ ಆಗುವುದೂ ಉಂಟು. ಎದೆ ಮತ್ತು ಹೊಟ್ಟೆಯ ನಡುವೆ ಪರದೆಯಂತಿರುವ ವಪೆಯಲ್ಲಿ ಹುಟ್ಟಿನಿಂದಲೇ ತೂತಿದ್ದರೆ ಜಠರ, ಕರುಳು ಎದೆಗೂಡಿಗೇ ಏರುತ್ತವೆ. ಎಡಗಡೆ ಇದು ಹೆಚ್ಚು. ಶ್ವಾಸಕೋಶ ಬೆಳೆಯಲು ಜಾಗವಿಲ್ಲದೆ ಮಗು ಹುಟ್ಟಿದ ತಕ್ಷಣ ಉಸಿರಿಗೆ ಒದ್ದಾಡುತ್ತದೆ. ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಇದು ಎಷ್ಟೋ ಸಲ ಗೊತ್ತಾಗುತ್ತದೆ. ಆ ಸ್ಕ್ಯಾನಿಂಗ್ ತಪ್ಪಿಸಬೇಡಿ. ಮೊದಲೇ ತಿಳಿದರೆ ಹೆರಿಗೆಯನ್ನು ದೊಡ್ಡಾಸ್ಪತ್ರೆಯಲ್ಲಿ ಮಾಡಿಸಬಹುದು.

ಮಲಗಿದಾಗ ಒಳಗೆ ಹೋಗುತ್ತಿದ್ದ ಗಂಟು ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾಗಿ, ಗಾಳಿ ಹೋಗುವುದೂ ನಿಂತರೆ, ಕರುಳಿಗೆ ರಕ್ತ ನಿಲ್ಲುತ್ತಿದೆ ಎಂದರ್ಥ. ಎಣ್ಣೆ ಹಚ್ಚಿ ತಿಕ್ಕಬೇಡಿ. ಒತ್ತಿ ಒಳಗೆ ತಳ್ಳಬೇಡಿ. ಊಟ, ನೀರು ನಿಲ್ಲಿಸಿ, 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ. ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯಬಹುದು. ಬೆಲ್ಟ್ ಕಟ್ಟಿಕೊಂಡರೆ ಹರ್ನಿಯಾ ವಾಸಿಯಾಗುವುದಿಲ್ಲ. ದೊಡ್ಡವರಲ್ಲಿ ಸಾಮಾನ್ಯವಾಗಿ ಜಾಲರಿ ಇಟ್ಟು ಹೊಲಿಯುತ್ತೇವೆ. ಮತ್ತೆ ಯಾವಾಗ ಬಾಕ್ಸ್ ಎತ್ತಬಹುದು ಅನ್ನೋದನ್ನು ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಿ.

ಈಗ ನಿಮ್ಮ ಪ್ರಶ್ನೆಗಳು. ಅಕ್ಕಂದಿರೇ, ಎಲ್ಲರ ಮುಂದೆ ಕೇಳಲು ಮುಜುಗರವಾದರೆ ಚೀಟಿಯಲ್ಲಿ ಬರೆದು ಕೊಡಿ. ಹೆಸರು ಹಾಕಬೇಕಿಲ್ಲ.