ಕುತ್ತಿಗೆಯ ನಾಲ್ಕು ಹಳಿಗಳು

ಎಲ್ಲರಿಗೂ ನಮಸ್ಕಾರ. ಮೆಗಾಬ್ಲಾಕಿನ ಭಾನುವಾರ, ಅಂದರೆ ದುರಸ್ತಿಗೆಂದು ಮುಂಬೈ ಲೋಕಲ್ ರೈಲಿನ ಹಳಿ ಮುಚ್ಚುವ ದಿನ, ಮುಲುಂಡ್, ಡೊಂಬಿವಲಿ, ಪನ್ವೇಲ್ ಕಡೆಯಿಂದೆಲ್ಲ ಮಾಟುಂಗಕ್ಕೆ ಬಂದು ಸೇರಿದ್ದೀರಿ. ನಿಮ್ಮನ್ನು ದಾರಿಯಲ್ಲಿ ಕಾಯಿಸಿದ ಆ ಮೆಗಾಬ್ಲಾಕನ್ನೇ ಇವತ್ತು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಅಕ್ಟೋಬರ್ 29 ವಿಶ್ವ ಪಾರ್ಶ್ವವಾಯು ದಿನ. ಅದರ ನಿಮಿತ್ತ ಈ ಮಾತು. ಬಿಪಿ, ಸಕ್ಕರೆ ಕಾಯಿಲೆ, ತಂಬಾಕು, ಕೊಲೆಸ್ಟರಾಲ್, ಹೃದಯ ಬಡಿತದ ಏರುಪೇರು, ಲಕ್ವ ಹೊಡೆಯುವುದಕ್ಕೆ ಇವೇ ದೊಡ್ಡ ಕಾರಣಗಳು ಎಂದು ಈ ಸಭೆಗೆ ಮತ್ತೆ ಹೇಳಬೇಕಿಲ್ಲ. ನಾನು ಎತ್ತಿಕೊಂಡಿರುವುದು ಸ್ಕ್ಯಾನ್ ರಿಪೋರ್ಟಿನ ಒಂದೇ ಒಂದು ಸಾಲನ್ನು: ‘ಬಲ ವರ್ಟಿಬ್ರಲ್ ಅಪಧಮನಿ ಹೈಪೋಪ್ಲಾಸ್ಟಿಕ್, ನಾರ್ಮಲ್ ವೇರಿಯೆಂಟ್’. ಅಂದರೆ ಕತ್ತಿನ ಹಿಂದಿನ ಬಲ ರಕ್ತನಾಳ ಹುಟ್ಟಿನಿಂದಲೇ ಸಣ್ಣದು. ಇದನ್ನು ಓದಿದ ಒಂದು ಮನೆಯಲ್ಲಿ ಊಟ ಸೇರುವುದಿಲ್ಲ, ‘ನಾಳ ಬತ್ತಿಹೋಗಿದೆಯಂತೆ’ ಎಂದು ಊರಿಗೆಲ್ಲ ಫೋನು. ಇನ್ನೊಂದು ಮನೆಯಲ್ಲಿ ‘ನಾರ್ಮಲ್ ಅಂತ ಬರೆದಿದ್ದಾರಲ್ಲ’ ಎಂದು ಫೈಲು ಕಪಾಟಿನ ಮೇಲೆ ಹೋಗುತ್ತದೆ. ಇಬ್ಬರೂ ತಪ್ಪಾಗಿ ಓದಿದ್ದಾರೆ. ಸರಿಯಾಗಿ ಓದುವುದು ಹೇಗೆ ಎಂದು ಹೇಳಿದರೆ ನನ್ನ ಕೆಲಸ ಮುಗಿಯಿತು.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ 2 ಪಾಲು. ಆದರೆ ದೇಹಕ್ಕೆ ಸಿಗುವ ಆಮ್ಲಜನಕದಲ್ಲಿ ನೂರಕ್ಕೆ 20 ಪಾಲು ಅದಕ್ಕೇ ಬೇಕು. ನಿಮಿಷಕ್ಕೆ ಸುಮಾರು 750 ಮಿಲಿಲೀಟರ್ ರಕ್ತ ಈ ಕುತ್ತಿಗೆಯನ್ನು ದಾಟಿಯೇ ಮೇಲೇರಬೇಕು, ಅದಕ್ಕಿರುವುದು ನಾಲ್ಕು ನಾಳಗಳು. ಮುಂದೆ ಎರಡು ಕೆರೋಟಿಡ್, ಹಿಂದೆ ಎರಡು ವರ್ಟಿಬ್ರಲ್. ಗಂಟಲಮಣಿಯ ಪಕ್ಕದಲ್ಲಿ ಒಂದೇ ಬದಿಗೆ, ಮೆಲ್ಲಗೆ ಬೆರಳಿಟ್ಟು ನೋಡಿ, ಬಡಿತ ಸಿಗುತ್ತದೆ. ಎರಡೂ ಬದಿಯನ್ನು ಒಟ್ಟಿಗೆ ಒತ್ತಬೇಡಿ. ಒತ್ತಿದರೆ ಮಂಪರು ಬರುತ್ತದೆ ಎಂದು ಗ್ರೀಕರಿಗೆ ಗೊತ್ತಿತ್ತು, ಕೆರೋಟಿಡ್ ಎಂಬ ಹೆಸರು ಬಂದಿರುವುದೇ ಮಂಪರು ಬರಿಸುವುದು ಎಂಬರ್ಥದ ಗ್ರೀಕ್ ಮಾತಿನಿಂದ. ಗಂಟಲಮಣಿಯ ಮೇಲಂಚಿನ ಮಟ್ಟದಲ್ಲಿ ಅದು ಕವಲೊಡೆಯುತ್ತದೆ, ಒಂದು ಕವಲು ಮುಖಕ್ಕೆ, ಒಂದು ಮಿದುಳಿಗೆ. ಕೆಲವರಲ್ಲಿ ಈ ಕವಲು ದವಡೆಯ ಹತ್ತಿರ, ಕೆಲವರಲ್ಲಿ ತೀರ ಕೆಳಗೆ. ವರ್ಟಿಬ್ರಲ್ ಬೆರಳಿಗೆ ಸಿಗುವುದಿಲ್ಲ. ಅದು ಸಾಮಾನ್ಯವಾಗಿ ಕತ್ತಿನ ಆರನೆಯ ಮೂಳೆಯ ಪಕ್ಕದ ತೂತಿನಲ್ಲಿ ಹೊಕ್ಕು, ಮಣಿ ಪೋಣಿಸಿದ ದಾರದ ಹಾಗೆ ಒಂದೊಂದೇ ಮೂಳೆ ದಾಟಿ, ಮೊದಲ ಮೂಳೆಯ ಮೇಲೆ ಒಂದು ಸುತ್ತು ಹಾಕಿ ತಲೆಬುರುಡೆಯೊಳಗೆ ಹೋಗುತ್ತದೆ. ಆ ಸುತ್ತು ನೆನಪಿರಲಿ, ಆಮೇಲೆ ಅಲ್ಲಿಗೇ ಬರುತ್ತೇನೆ.

ಈಗ 1664ರ ಒಂದು ಸಂಗತಿ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಏಕೆಂದರೆ ಇಡೀ ವಿಷಯದ ಬೀಗದ ಕೈ ಇಲ್ಲಿದೆ. ಆಕ್ಸ್‌ಫರ್ಡಿನಲ್ಲಿ ಥಾಮಸ್ ವಿಲ್ಲಿಸ್ ಎಂಬ ವೈದ್ಯ. ಅವನ ಮಿದುಳಿನ ಗ್ರಂಥಕ್ಕೆ ಚಿತ್ರ ಬರೆದುಕೊಟ್ಟವನು ಕ್ರಿಸ್ಟೋಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಅದೇ ರೆನ್. ಹೊಟ್ಟೆಯ ಗಡ್ಡೆಯಿಂದ ಸತ್ತ ಒಬ್ಬನ ತಲೆಬುರುಡೆಯನ್ನು ವಿಲ್ಲಿಸ್ ತೆರೆದ. ಬಲ ಕೆರೋಟಿಡ್ ಮೂಳೆಯಂತೆ, ಕಲ್ಲಿನಂತೆ ಗಟ್ಟಿಯಾಗಿ ಹೆಚ್ಚುಕಡಿಮೆ ಪೂರ್ತಿ ಮುಚ್ಚಿಹೋಗಿತ್ತು. ಅಂಥವನಿಗೆ ಎಂದೋ ಲಕ್ವ ಹೊಡೆದಿರಬೇಕಿತ್ತು. ಹೊಡೆದಿರಲಿಲ್ಲ! ಕೊನೆಯುಸಿರಿನವರೆಗೂ ಅವನ ಬುದ್ಧಿ ನೆಟ್ಟಗಿತ್ತು. ಹೇಗೆ ಎಂದು ಹುಡುಕಿದರೆ, ಅದೇ ಬದಿಯ ವರ್ಟಿಬ್ರಲ್ ನಾಳ ಇನ್ನೊಂದು ಬದಿಯದಕ್ಕಿಂತ ಮೂರು ಪಟ್ಟು ದಪ್ಪವಾಗಿತ್ತು. ಮುಂದಿನ ಬಾಗಿಲು ಮುಚ್ಚಿದಾಗ ಹಿಂದಿನ ಬಾಗಿಲು ಅಗಲವಾಗಿತ್ತು. ಒಂದು ಕೆರೋಟಿಡ್‌ಗೆ ಬಣ್ಣದ ನೀರು ಹಾಯಿಸಿದರೆ ಅದು ಮಿದುಳಿನ ಬುಡದ ಉಂಗುರದ ಮೂಲಕ ಇನ್ನೊಂದು ಬದಿಗೂ ಹರಿಯುತ್ತದೆ ಎಂದು ವಿಲ್ಲಿಸ್ ತೋರಿಸಿದ. ನಾಲ್ಕು ನಾಳಗಳನ್ನು ಒಂದಕ್ಕೊಂದು ಜೋಡಿಸುವ ಆ ಉಂಗುರಕ್ಕೆ ಇವತ್ತಿಗೂ ಅವನದೇ ಹೆಸರು.

ಆದರೆ ಪಠ್ಯಪುಸ್ತಕದಲ್ಲಿ ಬರೆದಿರುವ ಪೂರ್ಣ ಉಂಗುರ ಅರ್ಧದಷ್ಟು ಜನರಲ್ಲೂ ಇರುವುದಿಲ್ಲ. ಒಬ್ಬರಲ್ಲಿ ಜೋಡಿಸುವ ಕೊಳವೆಯೇ ಇಲ್ಲ, ಇನ್ನೊಬ್ಬರಲ್ಲಿ ಇದೆ, ಆದರೆ ನೂಲೆಳೆಯಷ್ಟು. ಆಕ್ಸ್‌ಫರ್ಡಿನ ಆ ಮನುಷ್ಯ ಉಳಿದದ್ದು ಅವನ ಪುಣ್ಯಕ್ಕೆ, ಅಂದರೆ ಅವನ ರಚನೆಯ ಪುಣ್ಯಕ್ಕೆ.

ಇಲ್ಲಿ ಮೆಗಾಬ್ಲಾಕಿಗೆ ಬನ್ನಿ. ಮಾಟುಂಗ–ಮುಲುಂಡ್ ನಡುವೆ ಸ್ಲೋ ಹಳಿ ಮುಚ್ಚಿದರೆ ಗಾಡಿಗಳನ್ನು ಫಾಸ್ಟ್ ಹಳಿಗೆ ತಿರುಗಿಸುತ್ತಾರೆ. ಹದಿನೈದು-ಇಪ್ಪತ್ತು ನಿಮಿಷ ತಡವಾಗುತ್ತದೆ, ಮನೆ ಸೇರುತ್ತೀರಿ. ಹಾರ್ಬರ್ ಲೈನಿನಲ್ಲಿ ಇರುವುದೇ ಎರಡು ಹಳಿ. ಅಲ್ಲಿ ಬ್ಲಾಕ್ ಎಂದರೆ ಗಾಡಿಯೇ ಇಲ್ಲ. ಹಾರ್ಬರ್ ಲೈನಿಗೆ ಏನು ರೋಗ? ಏನೂ ಇಲ್ಲ. ಸೋಮವಾರದಿಂದ ಶನಿವಾರದವರೆಗೆ ಅದು ಚೆನ್ನಾಗಿಯೇ ಓಡುತ್ತದೆ. ಕೊರತೆ ತಿಳಿಯುವುದು ಬ್ಲಾಕ್ ಬಿದ್ದ ದಿನ. ‘ನಾರ್ಮಲ್ ವೇರಿಯೆಂಟ್’ ಎಂದರೆ ಇಷ್ಟೇ: ನಿಮಗೆ ರೋಗವಿಲ್ಲ, ಬದಲಿ ಹಳಿ ಕಡಿಮೆ ಇದೆ. ಬದಲಿ ಹಳಿ ಕಡಿಮೆ ಇರುವವರು ಇರುವ ಹಳಿಯನ್ನು ಹೆಚ್ಚು ಜೋಪಾನ ಮಾಡಬೇಕು.

ವರ್ಟಿಬ್ರಲ್ ಜೋಡಿಯನ್ನೇ ನೋಡಿ. ಎರಡೂ ಸಮನಾಗಿರುವುದು ನಾಲ್ವರಲ್ಲಿ ಒಬ್ಬರಿಗೆ ಮಾತ್ರ. ಸುಮಾರು ಅರ್ಧ ಜನರಲ್ಲಿ ಎಡಗಡೆಯದು ದೊಡ್ಡದು. ವ್ಯಾಸ ಸಾಮಾನ್ಯವಾಗಿ 3ರಿಂದ 5 ಮಿಲಿಮೀಟರ್. 2 ಮಿಲಿಮೀಟರಿಗಿಂತ ಸಣ್ಣದಾದರೆ ಹೈಪೋಪ್ಲಾಸ್ಟಿಕ್ ಎಂದು ಬರೆಯುವುದು ರೂಢಿ. ನಾಲ್ಕರ ಅರ್ಧ ಎರಡು, ಆದ್ದರಿಂದ ಅರ್ಧ ರಕ್ತ ಹೋಗುತ್ತದೆ ಎಂದು ಲೆಕ್ಕ ಹಾಕಬೇಡಿ. ಕೊಳವೆಯ ವ್ಯಾಸ ಅರ್ಧವಾದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಸಣ್ಣ ನಾಳದವರ ಮಿದುಳಿನ ಹಿಂಭಾಗ ಹೆಚ್ಚೂಕಡಿಮೆ ಇನ್ನೊಂದು ಬದಿಯ ಒಂದೇ ನಾಳದ ಮೇಲೆ ನಿಂತಿದೆ. ಕೆಲವರಲ್ಲಿ ಸಣ್ಣ ನಾಳವು ಜೊತೆಗಾರನನ್ನು ಸೇರುವ ಮೊದಲೇ ಕಿರುಮಿದುಳಿನ ಒಂದು ಕವಲಾಗಿ ಮುಗಿದುಬಿಡುತ್ತದೆ. ಆಗ ಹಿಂಬದಿಗೆ ನಿಜವಾಗಿಯೂ ಒಂದೇ ಹಳಿ.

ಈಗ ನನಗೆ ಅತ್ಯಂತ ಕಳವಳ ಇರುವ ವಿಷಯ: ಸಲೂನಿನಲ್ಲಿ ಕುತ್ತಿಗೆಯ ನೆಟಿಗೆ ಮುರಿಸಿಕೊಳ್ಳುವುದು. ಕಟಿಂಗ್ ಆಗುತ್ತದೆ, ಚಂಪಿ ಆಗುತ್ತದೆ, ಕೊನೆಗೆ ಗಲ್ಲ ಹಿಡಿದು ಆ ಕಡೆ ಒಂದು ‘ಲಟಕ್’, ಈ ಕಡೆ ಒಂದು ‘ಲಟಕ್’. ಈಗ ಆ ಮೊದಲ ಮೂಳೆಯ ಮೇಲಿನ ಸುತ್ತನ್ನು ನೆನಪಿಸಿಕೊಳ್ಳಿ. ತಲೆ ತಿರುಗುವುದರಲ್ಲಿ ಅರ್ಧದಷ್ಟು ತಿರುವು ಆಗುವುದೇ ಮೊದಲ ಮತ್ತು ಎರಡನೆಯ ಮೂಳೆಗಳ ನಡುವೆ. ನಾವೇ ನಿಧಾನ ತಿರುಗಿಸಿದಾಗ ಸ್ನಾಯುಗಳು ಹಿಡಿತದಲ್ಲಿಟ್ಟುಕೊಳ್ಳುತ್ತವೆ. ಇನ್ನೊಬ್ಬರು ತಟ್ಟನೆ ತಿರುಚಿದಾಗ ಆ ರಕ್ಷಣೆಗೆ ಸಮಯ ಸಿಗುವುದಿಲ್ಲ. ನಾಳ ಹಿಗ್ಗಿ, ಒಳಪದರ ಸೀಳಿ, ಸೀಳಿನೊಳಗೆ ರಕ್ತ ನುಗ್ಗಿ, ಅಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪಿನ ತುಣುಕು ಕಳಚಿ ಮೇಲೇರಿದರೆ ಲಕ್ವ. ಸೀಳಿದ್ದು ಸಣ್ಣ ನಾಳವಾದರೆ ಅನೇಕರು ಬಚಾವಾಗುತ್ತಾರೆ. ಸೀಳಿದ್ದು ಒಂದೇ ಒಂದು ದೊಡ್ಡ ನಾಳವಾದರೆ? ಯಾವ ಬದಿ ದೊಡ್ಡದು ಎಂದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ಕತ್ತರಿ ಹಿಡಿದವರಿಗೂ ಇಲ್ಲ, ಸ್ಟೆಥಾಸ್ಕೋಪ್ ಹಿಡಿದವರಿಗೂ ಇಲ್ಲ. ಎಲ್ಲ ಲಕ್ವಗಳಲ್ಲಿ ಈ ಸೀಳಿನ ಪಾಲು ನೂರಕ್ಕೆ ಎರಡರಷ್ಟೇ ಇರಬಹುದು. ಐವತ್ತು ದಾಟದವರಲ್ಲಿ ಮಾತ್ರ ಇದು ಮುಖ್ಯ ಕಾರಣಗಳಲ್ಲಿ ಒಂದು. ಮೊದಲ ಲಕ್ಷಣ ಕುತ್ತಿಗೆಯ ಹಿಂದೆ ಹಿಂದೆಂದೂ ಕಾಣದ ನೋವು. ಲಕ್ವ ಆಮೇಲೆ, ಕೆಲವು ಗಂಟೆ ಬಿಟ್ಟು, ಕೆಲವೊಮ್ಮೆ ದಿನಗಳು ಬಿಟ್ಟು. ಹಾಗಾಗಿ ಎರಡನ್ನೂ ಯಾರೂ ಜೋಡಿಸಿ ನೋಡುವುದಿಲ್ಲ. ಬಾಮ್ ಹಚ್ಚಿ ಮಲಗುತ್ತಾರೆ. ದಯವಿಟ್ಟು ಸಲೂನಿನಲ್ಲಿ ಕೂತ ತಕ್ಷಣ ಹೇಳಿಬಿಡಿ: ತಲೆ ತಿಕ್ಕಿ, ಕುತ್ತಿಗೆ ತಿರುಚಬೇಡಿ. ಬ್ಯೂಟಿ ಪಾರ್ಲರಿಗೆ ಹೋಗುವ ಅಕ್ಕತಂಗಿಯರೂ ಕೇಳಿ: ತಲೆ ತೊಳೆಯುವ ಬೇಸಿನ್ನಿನ ಅಂಚಿಗೆ ಕತ್ತು ಹಿಂದಕ್ಕೆ ಬಾಗಿಸಿ ಬಹಳ ಹೊತ್ತು ಮಲಗುವುದೂ ಇದೇ ಜಾಗಕ್ಕೆ ಒತ್ತಡ. 1993ರಲ್ಲೇ ವೈದ್ಯ ಪತ್ರಿಕೆಯೊಂದರಲ್ಲಿ ಇದಕ್ಕೆ ‘ಬ್ಯೂಟಿ ಪಾರ್ಲರ್ ಸ್ಟ್ರೋಕ್’ ಎಂಬ ಹೆಸರೇ ಬಿದ್ದಿದೆ. ಟವೆಲ್ ಮಡಿಸಿ ಕತ್ತಿನಡಿ ಇಡಿಸಿಕೊಳ್ಳಿ, ಇಲ್ಲವೇ ಮುಂದಕ್ಕೆ ಬಾಗಿ ತೊಳೆಸಿಕೊಳ್ಳಿ.

ಹಿಂಬದಿಯ ಲಕ್ವ ಮುಖ ಸೊಟ್ಟಗೆ ಮಾಡಿಯೇ ಬರಬೇಕೆಂದಿಲ್ಲ. ತಲೆಸುತ್ತು, ಒಂದು ಎರಡಾಗಿ ಕಾಣುವುದು, ಕುಡುಕರಂತೆ ತೂರಾಡುವುದು, ನುಂಗಲಾಗದಿರುವುದು, ನಿಲ್ಲದ ಬಿಕ್ಕಳಿಕೆ. ಇದನ್ನು ಪಿತ್ತ, ಗ್ಯಾಸ್, ಹೆಚ್ಚೆಂದರೆ ಕಿವಿಯ ತೊಂದರೆ ಎಂದು ಮನೆಯಲ್ಲೇ ಕೂರಿಸುತ್ತೇವೆ. ತಲೆಸುತ್ತಿನ ಜೊತೆ ಇವುಗಳಲ್ಲಿ ಒಂದು ಸೇರಿದರೂ ಆಸ್ಪತ್ರೆಗೆ ಹೊರಡಿ.

ಇನ್ನು ಮುಂದಿನ ಹಳಿ, ಕೆರೋಟಿಡ್. ಇದು ಹೊರಡುವ ಜಾಗದಲ್ಲೇ ವ್ಯತ್ಯಾಸವಿದೆ. ಹೃದಯದಿಂದ ಬರುವ ಮಹಾಪಧಮನಿಯ ಕಮಾನಿನಿಂದ ಸಾಮಾನ್ಯವಾಗಿ ಮೂರು ಕವಲು. ಕೆಲವರಲ್ಲಿ ಎಡ ಕೆರೋಟಿಡ್ ತನ್ನದೇ ಬುಡ ಬಿಟ್ಟು ಬಲಗಡೆಯ ಕವಲಿನೊಂದಿಗೆ ಹುಟ್ಟುತ್ತದೆ. ಇದಕ್ಕೆ ‘ಬೋವೈನ್ ಆರ್ಚ್’, ದನದ ಕಮಾನು ಎಂದು ಹೆಸರು. ವಿಚಿತ್ರವೆಂದರೆ ದನಕ್ಕೆ ಈ ರಚನೆ ಇಲ್ಲ! ದನದ ಕಮಾನಿನಿಂದ ಹೊರಡುವುದು ಒಂದೇ ಒಂದು ದೊಡ್ಡ ಕಾಂಡ, ಎಲ್ಲವೂ ಅದರಿಂದಲೇ ಒಡೆಯುತ್ತವೆ. ಹಸು ಸಾಕಿದ ಮನೆಯವರು ಇಲ್ಲಿ ತುಂಬ ಜನ ಇದ್ದೀರಿ, ಗೋಮಾತೆಯ ಮೇಲೆ ಈ ಸುಳ್ಳು ಆರೋಪ ಬೇಡವೆಂದು ಹೇಳಿದೆ. ಈ ಕಮಾನು ಲಕ್ವವನ್ನು ತರುತ್ತದೆ ಎಂದು ಹೆದರಬೇಕಿಲ್ಲ. ಇದು ಲೆಕ್ಕಕ್ಕೆ ಬರುವುದು ಲಕ್ವ ಆದ ಮೇಲೆ. ತೊಡೆಯ ಸಂದಿಯಿಂದ ಕ್ಯಾಥೆಟರ್ ಎಂಬ ತೆಳ್ಳನೆಯ ಕೊಳವೆ ಏರಿಸಿ ಮಿದುಳಿನ ಹೆಪ್ಪನ್ನು ಎಳೆದು ತೆಗೆಯುವಾಗ, ಎಡ ಕೆರೋಟಿಡ್‌ಗೆ ಹೋಗಲು ಕ್ಯಾಥೆಟರ್ ಚೂಪಾದ ತಿರುವು ತೆಗೆದುಕೊಳ್ಳಬೇಕಾಗುತ್ತದೆ. ನೆಟ್ಟಗಿನ ಕ್ಯಾಥೆಟರ್ ಜಾರಿ ಜಾರಿ ಕೆಳಗಿಳಿಯುತ್ತದೆ. ಕೊಕ್ಕೆಯಾಕಾರದ ಸಿಮ್ಮನ್ಸ್ ಕ್ಯಾಥೆಟರ್ ಬೇಕು, ಇಲ್ಲವೇ ಬಲ ಮಣಿಕಟ್ಟಿನಿಂದ ಹೋಗಬೇಕು. ಮೊದಲೇ ಗೊತ್ತಿದ್ದರೆ ಇದು ಸಣ್ಣ ವಿಷಯ. ಗೊತ್ತಿಲ್ಲದಿದ್ದರೆ ಹತ್ತಿಪ್ಪತ್ತು ನಿಮಿಷ ಹಾಳು, ಮತ್ತು ಪ್ರತಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ.

ವಯಸ್ಸಾದಂತೆ, ಬಿಪಿ ಏರಿದಂತೆ, ಕೆರೋಟಿಡ್ ಹಾವಿನಂತೆ ಡೊಂಕಾಗುವುದು, ಸುರುಳಿ ಸುತ್ತುವುದು, ನೀರಿನ ಪೈಪು ಮಡಚಿದ ಹಾಗೆ ಮಡಚುವುದು ಉಂಟು. ಇಲ್ಲಿ ಕತ್ತಿನ ಮೇಲೆ ಪ್ರೋಬ್ ಎಂಬ ಉಪಕರಣ ಇಟ್ಟು ಶಬ್ದದ ಅಲೆಯಿಂದ ಮಾಡುವ ಡಾಪ್ಲರ್ ಪರೀಕ್ಷೆ ಮೋಸ ಮಾಡುತ್ತದೆ. ಡಾಪ್ಲರ್ ಅಳೆಯುವುದು ರಕ್ತದ ವೇಗವನ್ನು: ಸೆಕೆಂಡಿಗೆ 125 ಸೆಂಟಿಮೀಟರ್ ದಾಟಿದರೆ ಅರ್ಧಕ್ಕಿಂತ ಹೆಚ್ಚು ಕಿರಿದು, 230 ದಾಟಿದರೆ ನೂರಕ್ಕೆ 70ಕ್ಕಿಂತ ಹೆಚ್ಚು ಕಿರಿದು ಎಂದು ಲೆಕ್ಕ. ಶಬ್ದದ ಅಲೆ ಮತ್ತು ರಕ್ತದ ಹರಿವಿನ ನಡುವಿನ ಕೋನ 60 ಡಿಗ್ರಿಯೊಳಗೆ ಇದ್ದರೆ ಮಾತ್ರ ಈ ಲೆಕ್ಕ ಸರಿ. ಡೊಂಕು ನಾಳದಲ್ಲಿ ಕೋನ ಸಿಗುವುದಿಲ್ಲ, ತಿರುವಿನಲ್ಲಿ ವೇಗ ತಾನಾಗಿ ಏರುತ್ತದೆ, ಕೊಬ್ಬೇ ಇಲ್ಲದ ಕಡೆ ‘70 ಪರ್ಸೆಂಟ್ ಬ್ಲಾಕ್’ ಎಂದು ರಿಪೋರ್ಟ್ ಬರಬಹುದು. ಒಂದು ಬದಿ ಪೂರ್ತಿ ಮುಚ್ಚಿದ್ದರೆ ಇನ್ನೊಂದು ಬದಿ ಅದರ ಕೆಲಸವನ್ನೂ ಹೊರುವುದರಿಂದ ಅಲ್ಲೂ ವೇಗ ಹೆಚ್ಚು ಕಾಣುತ್ತದೆ. ಕವಲು ದವಡೆಯ ಹಿಂದೆ ಇದ್ದರೆ ಪ್ರೋಬ್‌ಗೆ ಎಟಕುವುದೇ ಇಲ್ಲ. ಆದ್ದರಿಂದ ಡಾಪ್ಲರ್ ಒಂದನ್ನೇ ನಂಬಿ ಆಪರೇಷನ್ನಿಗೆ ಒಪ್ಪಬೇಡಿ, ಸಿ.ಟಿ. ಆಂಜಿಯೋ, ಅಂದರೆ ರಕ್ತನಾಳಗಳ ಸಿ.ಟಿ. ಚಿತ್ರ, ಮಾಡಿಸಿ ನೋಡೋಣವೇ ಎಂದು ಕೇಳಿ. ಕೇಳುವಾಗ ಕಮಾನಿನಿಂದ ನೆತ್ತಿಯವರೆಗೆ ಎಂದು ಕೇಳಿ. ತಲೆಯನ್ನಷ್ಟೇ ತೆಗೆದರೆ ನಾನು ಇಷ್ಟು ಹೊತ್ತು ಹೇಳಿದ ಅರ್ಧ ವಿಷಯ ಚಿತ್ರದಲ್ಲಿ ಇರುವುದೇ ಇಲ್ಲ.

ಚೀಟಿ ಬಂದಿದೆ, ಹತ್ತು ನಿಮಿಷ ಎಂದಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕೆರೋಟಿಡ್ ವೆಬ್. ಮಿದುಳಿಗೆ ಹೋಗುವ ಕವಲಿನ ಬುಡದಲ್ಲಿ, ಹಿಂಬದಿ ಗೋಡೆಯಿಂದ ಚಾಚಿಕೊಂಡ ತೆಳ್ಳನೆಯ ಪೊರೆ, ಗೋಡೆಗೆ ಬಡಿದ ಪುಟ್ಟ ಹಲಗೆಯ ಹಾಗೆ. ದಾರಿಯನ್ನು ಅದು ಹೆಚ್ಚು ಕಿರಿದು ಮಾಡುವುದಿಲ್ಲ, ಆದ್ದರಿಂದ ‘ಗಮನಾರ್ಹ ಬ್ಲಾಕ್ ಇಲ್ಲ’ ಎಂದು ಬರೆದುಬಿಡುತ್ತಾರೆ. ಆದರೆ ಅದರ ಮೇಲ್ಬದಿಯಲ್ಲಿ ರಕ್ತ ನಿಂತು ಹೆಪ್ಪಾಗುತ್ತದೆ. ಬಿಪಿ ಇಲ್ಲ, ಸಕ್ಕರೆ ಇಲ್ಲ, ನಲವತ್ತರ ಹರೆಯ, ಒಂದೇ ಬದಿಗೆ ಮತ್ತೆ ಮತ್ತೆ ಲಕ್ವ ಎಂದರೆ ಇದನ್ನು ಹುಡುಕಬೇಕು, ಸಿ.ಟಿ. ಚಿತ್ರವನ್ನು ಪಕ್ಕದಿಂದ ಸೀಳಿ ನೋಡಬೇಕು. ಸಿಕ್ಕರೆ ಸ್ಟೆಂಟ್ ಅಥವಾ ಆಪರೇಷನ್ ದಾರಿ ಇದೆ.

ಕಿವಿಯ ಕೆಳಗಿನ ಸ್ಟೈಲಾಯ್ಡ್ ಮೂಳೆ 30 ಮಿಲಿಮೀಟರ್ ಮೀರಿ ಬೆಳೆದರೆ ಕೆರೋಟಿಡ್‌ಗೆ ಚುಚ್ಚಬಹುದು, ಅಪರೂಪ. ಇದಕ್ಕೆ ಈಗಲ್ ಸಿಂಡ್ರೋಮ್ ಎನ್ನುತ್ತಾರೆ, 1937ರಲ್ಲಿ ಬರೆದಿಟ್ಟದ್ದು. ಪಿ.ಸಿ.ಎ. ಎಂದರೆ ಮಿದುಳಿನ ಹಿಂಭಾಗಕ್ಕೆ ರಕ್ತ ಕೊಡುವ ನಾಳ. ರಿಪೋರ್ಟಿನಲ್ಲಿ ‘ಫೀಟಲ್ ಪಿ.ಸಿ.ಎ.’ ಎಂದು ಬರೆದಿದ್ದರೆ ಮಿದುಳಿನ ಹಿಂಭಾಗವೂ ಕೆರೋಟಿಡ್‌ನಿಂದಲೇ ಉಣ್ಣುತ್ತದೆ ಎಂದರ್ಥ. ಅಂಥವರ ಕೆರೋಟಿಡ್ ಎರಡು ಮನೆ ಸಾಕುತ್ತಿದೆ. ಮತ್ತೆ ಅದೇ ಹಳಿಯ ಲೆಕ್ಕ.

ಲಕ್ವ ಹೊಡೆದಾಗ ಮಾಡಬೇಕಾದದ್ದು. ಗಡಿಯಾರ ನೋಡಿ, ಕೊನೆಯ ಬಾರಿ ಸರಿಯಿದ್ದ ಹೊತ್ತನ್ನು ಬರೆದಿಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ 4.5 ಗಂಟೆಯೊಳಗೆ ತಲುಪಬೇಕು, ಎಳೆದು ತೆಗೆಯುವ ಚಿಕಿತ್ಸೆಗೆ ಆಯ್ದ ಕೆಲವರಲ್ಲಿ 24 ಗಂಟೆಯವರೆಗೂ ಅವಕಾಶ. ನೀರು ಕೊಡಬೇಡಿ, ನುಂಗಲಾಗದೆ ಶ್ವಾಸಕ್ಕೆ ಇಳಿಯುತ್ತದೆ. ಆಸ್ಪಿರಿನ್ ಕೊಡಬೇಡಿ, ಒಳಗೆ ರಕ್ತಸ್ರಾವವೋ ಹೆಪ್ಪೋ ಎಂದು ಸ್ಕ್ಯಾನ್ ಆಗುವವರೆಗೆ ತಿಳಿಯದು. 108ಕ್ಕೆ ಫೋನ್ ಮಾಡಿ, ಸಿ.ಟಿ. ಮತ್ತು ಕ್ಯಾಥೆಟರ್ ಚಿಕಿತ್ಸೆ ಮಾಡುವ ಕ್ಯಾಥ್‌ಲ್ಯಾಬ್ ಎರಡೂ ಇರುವ ಆಸ್ಪತ್ರೆ ನಿಮ್ಮ ಮನೆಗೆ ಹತ್ತಿರ ಯಾವುದು ಎಂದು ಇವತ್ತೇ ವಿಚಾರಿಸಿಡಿ. ಹಳೆಯ ಆಂಜಿಯೋದ ಸಿ.ಡಿ. ಇದ್ದರೆ ಕಪಾಟಿನ ಮೇಲಿಂದ ಇಳಿಸಿ, ಆಧಾರ್ ಕಾರ್ಡಿನ ಜೊತೆ ಇಡಿ. ಹೊರಡುವಾಗ ರಿಪೋರ್ಟಿನ ಕಾಗದದ ಜೊತೆ ಆ ಸಿ.ಡಿ.ಯೂ ಹೋಗಬೇಕು. ತೊಡೆಯಿಂದ ಹೋಗಬೇಕೋ ಮಣಿಕಟ್ಟಿನಿಂದಲೋ, ಯಾವ ಕ್ಯಾಥೆಟರ್ ತೆರೆಯಬೇಕೋ ಎಂದು ರೋಗಿ ಟೇಬಲ್ಲಿಗೆ ಬರುವ ಮೊದಲೇ ಅಲ್ಲಿಯವರಿಗೆ ತಿಳಿಯುತ್ತದೆ.

ಹಿಂದಿನ ಸಾಲಿನಲ್ಲಿ ಆಗಲೇ ಕೈ ಎತ್ತಿದ್ದರು. ಹೇಳಿ ಅಮ್ಮಾ, ನಿಮ್ಮ ಪ್ರಶ್ನೆ ಏನು?